ಬಣ್ಣದ ಮಾನಿಟರಿನ ಬದಲು

ಉರಿಗಾಂನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಮುನಿರತ್ನಮ್ಮ ೧೯೯೭ರಲ್ಲಿ ಅಗ್ಗದ ಕಂಪ್ಯೂಟರೊಂದನ್ನು ಜೋಡಿಸಲು ಹೊರಟಳು. ಬಿಡಿಭಾಗ ತರಲು ಹೊರಟ ತಮ್ಮ ಆದಿನಾರಾಯಣ ಬಂಗಾರಪೇಟೆಯಲ್ಲಿ ರೈಲು ಹತ್ತುವಾಗ, ಕಳಿಸಲು ಬಂದ ಅಕ್ಕನಿಗೆ, "ಪವರ್ ಸಪ್ಲೈ ಯಾವ್ದಾದ್ರೂ ಆಯ್ತದೆ, ಬಣ್ಣದ ಮಾನಿಟರ್ ತಕ್ಕೊಳಾಣ ಕಣಕ್ಕ" ಎಂದ.

"ಬ್ಯಾಡ ಕಣ್ಲಾ. ನಮ್ಮೂರ ಕರೆಂಟು ಒಂದೇ ಸಮ ಇರಲ್ಲ. ಕಪ್ಪು-ಬಿಳುಪೇ ಸಾಕು, ಉಳಿದ ದುಡ್ಡಲ್ಲಿ ಪವರ್ ಸಪ್ಲೈ ಒಳ್ಳೇದು ತಕ್ಕೊಂಬಾ, ಕರೆಂಟು ಏರಿದ್ರೂ ಒಳಗಿಂದೆಲ್ಲ ಉಳೀತದೆ."

ಅವನು ಮುಖ ಊದಿಸಿಕೊಂಡೇ ತಂದ.

ಜೋಡಿಸಿದ ಮೊದಲ ವಾರವೇ ಕರೆಂಟು ಒಮ್ಮೆಲೇ ಏರಿ ಬಲ್ಬು ಸಿಡಿಯಿತು, ಕಂಪ್ಯೂಟರೂ ಆರಿಹೋಯಿತು. ಮುನಿರತ್ನಮ್ಮ ಓಡಿಹೋಗಿ ಪ್ಲಗ್ ಕಿತ್ತಳು. ಆದಿನಾರಾಯಣ ಬಿಚ್ಚಿ ನೋಡಿದರೆ ಪವರ್ ಸಪ್ಲೈಯೊಳಗಿನ ಫ್ಯೂಸಷ್ಟೇ ಸುಟ್ಟು ಉಳಿದದ್ದನ್ನೆಲ್ಲ ಕಾಪಾಡಿತ್ತು. ಹೊಸದು ಹಾಕಿದೊಡನೆ ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಅಬ್ಬಾ, ಬದುಕ್ತು!" ಎಂದು ಅವಳು ಕುರ್ಚಿಗೆ ಒರಗಿದಳು.

"ನೀನೇಳಿದ್ದೇ ಸರಿ ಬುಡಕ್ಕ" ಎನ್ನುತ್ತ ತಮ್ಮ ಟೀ ತರಲು ಹೋದ.