ಜಪಕ್ಕೆ ಕೂತ ಬೆಕ್ಕು

ಅವ್ವ ಅಡಿವೆವ್ವ ತೀರಿಕೊಂಡು ಮೂರು ತಿಂಗಳಾಗಿತ್ತು. ನನಗೆ ಅಳು ಬಂದಿರಲಿಲ್ಲ, ಹಸಿವೂ ಸರಿಯಾಗಿ ಆಗುತ್ತಿರಲಿಲ್ಲ. ದುಂಡಸಿ ಊರಿನ ಮನೆಯಲ್ಲಿ ಅವಳ ಗಂಡು ಬೆಕ್ಕು, ನಾನು, ಇಷ್ಟೇ. ಅದಕ್ಕೆ ಹಾಲು ಹಾಕಬೇಕಲ್ಲ ಎಂದು ಬೆಳಿಗ್ಗೆ ಏಳುತ್ತಿದ್ದೆ. ಅದೂ ಇಲ್ಲದಿದ್ದರೆ ಏಳಲು ಕಾರಣವೇ ಇರಲಿಲ್ಲ.

ಶಿಗ್ಗಾಂವದ ಕಾಲೇಜಿನಲ್ಲಿ ಓದುವ ಅಕ್ಕನ ಮಗಳು ಹೇಮಾ ಬಂದಳು. ಕಾಲೇಜಿನ ಕೆಲಸಕ್ಕೆಂದು ಮೊಬೈಲಿನಲ್ಲಿ ಇಪ್ಪತ್ತು ಬೆಕ್ಕುಗಳ ಮುಖ ತೋರಿಸಿ, ಯಾವುದು ಆರಾಮ ಇದೆ, ಯಾವುದಕ್ಕೆ ನೋವಿದೆ ಹೇಳು ಎಂದಳು.

"ಬೆಕ್ಕಿನ ಮಾರಿ ನೋಡಾಕ ಕಾಲೇಜಿಗೆ ಹೋಗ್ತೀಯೇನ? ಅಜ್ಜಿಗೆ ಕೆಮ್ಮು ಕಲಿಸಾಕ ಬಂದಾಳ," ಎಂದೆ. ಬೆಕ್ಕುಗಳ ನಡುವೆಯೇ ಬೆಳೆದವಳು ನಾನು. ನಾನು ಹೇಳಿದ ಇಪ್ಪತ್ತರಲ್ಲಿ ಒಂಬತ್ತೇ ಸರಿಯಾದವು. ಸಿಟ್ಟು ಬಂತು. ನಿನ್ನ ಮೊಬೈಲೇ ಸುಳ್ಳು ಎಂದುಬಿಟ್ಟೆ.

"ಇದಕ್ಕ ಆರಾಮ ಅಂದ್ಯಲ್ಲ ಚಿಗವ್ವ, ನೋಡು. ಕಿವಿ ಬದಿಗಿ ತಿರಗ್ಯಾವ, ಕಣ್ಣು ಅರ್ಧ ಮುಚ್ಚೈತಿ, ಮೂತಿ ಬಿಗದೈತಿ. ಇದು ನೋವು."

"ಹಂಗ ಕುಂತ್ರ ಜಪ ಮಾಡಾಕತ್ತೈತಿ ಅಂತೇವಿ ನಾವು."

ಹೇಮಾ ಒಲೆಯ ಕಡೆ ನೋಡಿದಳು. ಅವ್ವನ ಬೆಕ್ಕು ನಿನ್ನೆಯಿಂದ ಅಲ್ಲೇ ಕಾಲು ಮಡಚಿ, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಹಾಲು ಹಾಗೇ ಇತ್ತು. ಮುಟ್ಟಿದರೆ ಗುರುಗುಟ್ಟಿತು. "ನೋಡು, ಖುಷಿಲೇ ಐತಿ," ಎಂದೆ. ಅವಳು ಕೇಳಲಿಲ್ಲ. ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಶಿಗ್ಗಾಂವದ ಬಸ್ ಹತ್ತಿದಳು. ನಾನೂ ಹಿಂದೆ ಹೋದೆ.

ದನದ ದವಾಖಾನೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಉಚ್ಚಿ ಕಟ್ಟೈತ್ರಿ. ಇವತ್ತ ತರಲಿಲ್ಲಂದ್ರ ಉಳೀತಿರಲಿಲ್ಲ."

"ಗುರುಗುಟ್ಟಾಕತ್ತಿತ್ತಲ್ರಿ."

"ನೋವಾದ್ರೂ ಗುರುಗುಟ್ಟತಾವ್ರಿ. ಅದರ ಮಾರಿ ನೋಡ್ಲಿಲ್ಲೇನ್ರಿ?"

"ನೋಡಿದ್ನಿರಿ," ಎಂದೆ.

ಸಣ್ಣ ನಳಿಕೆ ಹಾಕಿ ಉಚ್ಚೆ ತೆಗೆದರು. ಬೆಕ್ಕು ಉಳಿಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಮಾ, "ಬದುಕ್ತಲ್ಲ ಚಿಗವ್ವ, ಮತ್ಯಾಕ ಹಿಂಗ ಕುಂತಿ?" ಎಂದಳು.

ಕಡೆಯ ತಿಂಗಳು ಅವ್ವ ಊಟ ಒಲ್ಲೆ ಎಂದು, ಗೋಡೆಗೆ ಒರಗಿ, ಕಣ್ಣು ಅರ್ಧ ಮುಚ್ಚಿ ಕೂರುತ್ತಿದ್ದಳು. ತುಟಿ ಮಾತ್ರ ಅಲುಗುತ್ತಿತ್ತು. ಜಪದಲ್ಲಿದ್ದಾಳೆ, ಮಾತಾಡಿಸಬೇಡಿ ಎಂದು ಓಣಿಯವರಿಗೆಲ್ಲ ನಾನೇ ಹೇಳಿದ್ದೆ. ಬಂದವರು ಅವಳ ಕಾಲಿಗೆ ಬೀಳುತ್ತಿದ್ದರು. ನನಗೆ ಹೆಮ್ಮೆಯೂ ಆಗಿತ್ತು.

"ದವಾಖಾನಿ ಇಷ್ಟ ಹತ್ರ ಐತಿ, ಹೇಮಾ," ಎಂದೆ. "ನಾ ದಿನಾ ಅವ್ವನ ಮುಂದ ಊದಿನಕಡ್ಡಿ ಹಚ್ಚಿದ್ನಿ."