ಹತ್ತು ಸಲ ಎಳೆದು ನೋಡಿದ ಹೆಸರು

"ಇನ್ನೊಂದ್ಸಲ ಹೇಳಿ ಮಾವ," ಎಂದಳು ದರ್ಜಿಯ ತಂಗಿಯ ಮಗಳು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ನ್ಯೂ ಮಾಡರ್ನ್ ರಾಯಲ್ ಗಾರ್ಮೆಂಟ್ಸ್ ಅಂಡ್ ರಿಪೇರಿ ವರ್ಲ್ಡ್." ದರ್ಜಿ ಒಂದೇ ಉಸಿರಿಗೆ ಹೇಳಿ, ಕೊರಳಿನ ಟೇಪು ಸರಿಮಾಡಿಕೊಂಡ.

ಅವನ ತಂಗಿ ಮೂಲೆಯ ಸ್ಟೂಲಿನ ಮೇಲೆ ಕೂತು ಯಾರದೋ ಚೀಲದ ಜಿಪ್ಪಿಗೆ ರನ್ನರ್ ಏರಿಸುತ್ತಿದ್ದಳು. ಅಣ್ಣನ ಅಂಗಡಿಯಲ್ಲಿ ಆ ಮೂಲೆ ಅವಳದು, ಹತ್ತೊಂಬತ್ತು ವರ್ಷದಿಂದ. ಕೋಟು ಹೊಲಿಯಲು ಅವಳಿಗೆ ಬಾರದು, ನಿಜ. ಆದರೆ ಎಂಥ ಹಲ್ಲುದುರಿದ ಜಿಪ್ಪೂ ಅವಳ ಕೈಗೆ ಬಿದ್ದರೆ ಸರಸರ ಓಡಬೇಕು. ಬೀದಿಯ ದರ್ಜಿಗಳು ಗೇಲಿಗೆಂದು ಜಿಪ್ಪಕ್ಕ ಅಂದರು, ಅದೇ ಅಂಟಿಕೊಂಡಿತು. ಮೊದಮೊದಲು ಅವಳು ಮನೆಗೆ ಹೋಗಿ ಅತ್ತದ್ದೂ ಉಂಟು.

ಈಗ ದೂರದವರೂ ಚೀಲ ಕಳಿಸಲಿ ಎಂದು ಮಗಳು ವೆಬ್‌ಸೈಟು ಮಾಡಿದ್ದಳು. ವಿಳಾಸಕ್ಕೆ ಹೆಸರೊಂದು ಬಾಕಿ. ಅಂಗಡಿ ನನ್ನದು, ಹೆಸರೂ ನಾನು ಹೇಳಿದ್ದೇ ಇರಲಿ ಎಂದು ಅಣ್ಣನ ಪಟ್ಟು. ಆ ಹೆಸರಿಟ್ಟರೆ ತನ್ನ ದುಡಿಮೆಯೆಲ್ಲ ಕೊನೆಯವರೆಗೂ ಅವನ ಬಾಲವೇ ಎಂಬುದು ತಂಗಿಯ ಅಳಲು. ಮಗಳೋ, ಒಮ್ಮೆ ಕಿವಿಗೆ ಬಿದ್ದ ಹೆಸರು ಮರುದಿನ ಬಾಯಿಗೆ ಬರಬೇಕು, ಇಲ್ಲದಿದ್ದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ ಎನ್ನುತ್ತಿದ್ದಳು.

ಗಿರಾಕಿಯ ಕಣ್ಣೆದುರು ಹತ್ತು ಸಲ ಎಳೆದು ತೋರಿಸದೆ ಜಿಪ್ಪಕ್ಕ ಯಾವ ಚೀಲವನ್ನೂ ಕೊಟ್ಟವಳಲ್ಲ.

"ಹೆಸ್ರನ್ನೂ ಹಂಗೇ ಎಳೆದು ನೋಡೋಣ ಅಣ್ಣ," ಎಂದಳು. "ಇವತ್ತು ಬರೋ ಹೊಸಬರಲ್ಲಿ ಹತ್ತು ಜನಕ್ಕೆ ಎರಡು ಹೆಸ್ರು ಹೇಳೋದು. ನಾಳೆ ಚೀಲ ತಗೊಳಕ್ಕೆ ಬಂದಾಗ ಯಾವ್ದು ನೆನಪಿದೆ ಅಂತ ಕೇಳೋದು."

"ಎರಡನೇದು ಯಾವುದು?"

"ಜಿಪ್ಪಕ್ಕ."

ಅಣ್ಣ ಬಿದ್ದು ಬಿದ್ದು ನಕ್ಕ. ಆಡಿಕೊಂಡವರ ಮಾತನ್ನೇ ಯಾರಾದರೂ ಹಣೆಗೆ ಅಂಟಿಸಿಕೊಳ್ಳುತ್ತಾರೆಯೇ ಎಂದು ಕೇಳಿದ.

"ಆಡಿಕೊಂಡೋರು ಆಡಿಕೊಂಡು ಹೋದ್ರು. ಹೊತ್ತಿದ್ದು ನಾನು. ಈಗ ಅದು ನಂದು."

ಮರುದಿನ ಒಬ್ಬೊಬ್ಬರೇ ಬಂದರು. ಆಸ್ಪತ್ರೆಯ ದಾದಿ 'ರಾಯಲ್' ಎಂದವಳು ಅಲ್ಲೇ ನಿಂತಳು. ಬಸ್ ಡ್ರೈವರ್ ಅದು ಲಾಡ್ಜಿನ ಹೆಸರಲ್ಲವೇ ಎಂದ. ಜಿಪ್ಪಕ್ಕ ಎಂಬುದು ಮಾತ್ರ ಹತ್ತಕ್ಕೆ ಹತ್ತೂ ಜನರ ಬಾಯಲ್ಲಿತ್ತು. ಅಷ್ಟಾದರೂ ಅಣ್ಣ ಸೋಲೊಪ್ಪುವ ಆಸಾಮಿಯೇ? ಇವರಿಗೆಲ್ಲ ಮರೆವು ಜಾಸ್ತಿ ಎಂದು ಮುಖ ತಿರುಗಿಸಿ ಕತ್ತರಿ ಹಿಡಿದ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಬೇರೆ ಊರಿನವರಾರೋ, ಟೆಂಟಿನ ಜಿಪ್ಪು ಕಿತ್ತಿದೆ, ನಿಮ್ಮದೊಂದು ವೆಬ್‌ಸೈಟು ಬರುತ್ತಿದೆಯಂತೆ, ಅದರ ಹೆಸರು ಹೇಳಿ ಎಂದರು.

"ಬರ್ಕೊಳ್ಳಿ ಸಾರ್. ನ್ಯೂ ರಾಯಲ್... ಅಲ್ಲ, ಮಾಡರ್ನ್ ನ್ಯೂ..." ಅಣ್ಣ ತಲೆ ಕೆರೆದುಕೊಂಡ. ಸೂರು ನೋಡಿದ. ತಾನೇ ಇಟ್ಟ ಹೆಸರು ತನಗೇ ಕೈಕೊಟ್ಟಿತ್ತು. ತಾಯಿ ಮಗಳು ಅವನನ್ನೇ ನೋಡುತ್ತಿದ್ದರು.

"ಬಿಡಿ ಸಾರ್," ಎಂದ ಕೊನೆಗೆ. "ಸಂಜೆ ಹೊತ್ತಿಗೆ ಜಿಪ್ಪಕ್ಕ ಡಾಟ್ ಕಾಮ್ ಅಂತ ಹೊಡೀರಿ, ಸಾಕು. ಜಿಪ್ಪಕ್ಕ. ನನ್ನ ತಂಗಿ."

ಮಗಳು ಆಗಲೇ ಲ್ಯಾಪ್‌ಟಾಪು ತೆರೆದಿದ್ದಳು. ಆ ಹೆಸರನ್ನು ಜಗತ್ತಿನಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ. "ತಗೊಂಡೆ ಅಮ್ಮ," ಎಂದು ಪರದೆಯನ್ನು ಅವಳತ್ತ ತಿರುಗಿಸಿದಳು.

ಜಿಪ್ಪಕ್ಕ ಒಂದು ಗಳಿಗೆ ಅದನ್ನೇ ನೋಡಿದಳು. ಅವಳಿಗೆ ಹಿಗ್ಗು ಹಿಡಿಸಲಾರದಷ್ಟಿತ್ತು. ಮಡಿಲಿನಲ್ಲಿದ್ದ ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಎಳೆದಳು. ಹತ್ತು ಮುಗಿದ ಮೇಲೂ ಕೈ ನಿಲ್ಲಲಿಲ್ಲ.