ಖಾರದ ಹವಳ

ನನ್ನ ಅಕ್ಕ ಯಾವ ಅಣಬೆಯನ್ನೇ ಕಂಡರೂ ತುದಿಯಷ್ಟು ಚಿವುಟಿ, ಮುಂದಿನ ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿ ರುಚಿ ನೋಡಿ, ಪಕ್ಕದಲ್ಲಿ ಮಂತ್ರಿಯೇ ನಿಂತಿರಲಿ, ಥೂ ಎಂದು ಉಗಿಯುವವಳು. ನೆಲ ನೋಡಿಕೊಂಡೇ ನಡೆದು ದೀಪದ ಕಂಬಗಳಿಗೆ ಹಣೆ ಕೊಟ್ಟವಳು. ಮದುವೆಮನೆಗೂ ಹಾಕಿಕೊಂಡು ಬರುವ ಆ ಬೂದು ಕೋಟಿನ ಜೇಬಿನಲ್ಲಿ ಕರವಸ್ತ್ರಕ್ಕೆ ಜಾಗವಿಲ್ಲ, ಒದ್ದೆ ಕಾಗದದ ಪೊಟ್ಟಣಗಳಿಗೆ ಮಾತ್ರ. ಏಳನೇ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ ನನಗೆ ಅವಳ ಅಣಬೆಶಾಸ್ತ್ರ ತಿಳಿಯದು. ಆದರೆ ಯಾರಾದರೂ ಅವಳನ್ನು ಅಣಕಿಸಿದರೆ ಸ್ಪ್ಯಾನರು ತಾನಾಗಿ ಕೈಗೆ ಬರುತ್ತದೆ.

ಅವಳು ಲೋಕಕ್ಕೆ ಪರಿಚಯಿಸಿದ ಪ್ರಭೇದ ಒಂದೇ ಒಂದು. ಕೊಳೆತ ದಿಮ್ಮಿಯ ಮೇಲೆ ಕಡಲ ಹವಳದಂತೆ ಕವಲೊಡೆದು, ಪ್ರತಿ ಕವಲಿನ ತುದಿಯಲ್ಲೂ ಪುಟ್ಟ ಕಿರೀಟ ಹೊತ್ತ ಅಣಬೆ. ಅದು ಸಿಕ್ಕ ದಿನ ಅವಳನ್ನು ಕಾಡಿಗೆ ಕರೆದೊಯ್ದವನು ನಾನೇ. ಬೇರೆ ಪರೀಕ್ಷೆಯೇ ಬೇಡವೆನ್ನುವ ಖಾತ್ರಿಯಿಂದ ಅದನ್ನು ಹವಳದ ಅಣಬೆಗಳ ಕುಟುಂಬಕ್ಕೆ ಸೇರಿಸಿ ಹೆಸರಿಟ್ಟಳು. ಅಂದು ಅದರ ರುಚಿ ನೋಡಿದ ನಾಲಿಗೆ ಮಾತ್ರ ಉರಿದಿತ್ತು. ನನ್ನ ಬುತ್ತಿಯ ಹಸಿಮೆಣಸಿನಕಾಯಿಯೇ ಕಾರಣವೆಂದು ದಾರಿಯುದ್ದಕ್ಕೂ ಬೈದಳು.

ಮೊನ್ನೆ ಅವಳ ಹಳೆಯ ಶಿಷ್ಯೆ ಪ್ರಯೋಗಾಲಯಕ್ಕೆ ಬಂದಳು. "ಮೇಡಂ, ಅದು ಆ ಕುಟುಂಬದ್ದಲ್ಲ ಅನ್ಸುತ್ತೆ. ನಿಮ್ಮ ಮೂಲ ಮಾದರಿ ಒಂದ್ಸಲ ಪರೀಕ್ಷೆ ಮಾಡ್ಬಹುದಾ?"

ಆ ಒಣಗಿದ ತುಣುಕು ಇದ್ದದ್ದು ಅಕ್ಕನ ಬೀರುವಿನಲ್ಲಿ ಮಾತ್ರ. ಊಟದ ಡಬ್ಬಿ ಕೊಡಲು ಹೋಗಿದ್ದ ನನಗೆ ಪಿತ್ತ ನೆತ್ತಿಗೇರಿತು.

"ಕೊಡ್ಬೇಡ ಕಣಕ್ಕಾ. ಇರೋ ಒಂದು ಹೆಸರನ್ನೂ ಕಿತ್ಕೊಳ್ಳೋಕೆ ಬಂದಿದಾಳೆ."

"ಸುಮ್ನಿರೋ ಬಾಯ್ಬಡುಕ," ಎಂದವಳೇ ಬೀಗ ತೆಗೆದಳು.

ಅಣಬೆಯ ಬೀಜಕಣಗಳ ಮೇಲೆ ಅಯೋಡಿನ್ ಹನಿ ಬಿತ್ತು. ಅಕ್ಕ ಹೇಳಿದ ಕುಟುಂಬದ್ದೇ ಆದರೆ ಬಣ್ಣ ತಿರುಗಬಾರದು. ಸೂಕ್ಷ್ಮದರ್ಶಕಕ್ಕೆ ಬಾಗಿದ ಅವಳ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾಳೆಂದು ನಾನು ಶಿಷ್ಯೆಯತ್ತ ತಿರುಗುವಷ್ಟರಲ್ಲಿ, ಸ್ಟೂಲು ಉರುಳಿಸಿ ಎದ್ದು ನನ್ನ ರಟ್ಟೆ ಹಿಡಿದಳು.

"ನೀಲಿ ಕಣೋ, ಕಡುನೀಲಿ. ಬಾ ನೋಡು. ಹವಳದ ವೇಷ ಹಾಕಿರೋ ಬೇರೇನೇ ಬಳಗ ಇದು. ಆ ಖಾರಾನೂ ಇದರದ್ದೇ. ಇಷ್ಟು ವರ್ಷ ನಿನ್ನ ಮೆಣಸಿನಕಾಯಿ ಮೇಲೆ ಅಪವಾದ ಹೊರಿಸಿದ್ನಲ್ಲೋ."

"ಹಾಗಾದ್ರೆ ನಿನ್ನ ಹೆಸರು?"

"ಅಣಬೆ ಹೆಸರಿನ ಮುಂದೆ ಬ್ರಾಕೆಟ್ಟಿನೊಳಗೆ ಇರುತ್ತೆ ಸಾರ್, ಮೊದಲು ಹೆಸರಿಟ್ಟೋರು ಅಂತ. ಕುಟುಂಬ ಬದಲಾಯಿಸಿದೋರ ಹೆಸರು ಅದರ ಪಕ್ಕದಲ್ಲಿ," ಎಂದಳು ಶಿಷ್ಯೆ, ಒಂದು ಹೆಜ್ಜೆ ದೂರ ಸರಿದು.

"ಒಳಗೆ ಬೆಚ್ಚಗಿರುತ್ತೆ ಬಿಡೋ," ಎಂದ ಅಕ್ಕ ಡಬ್ಬಿ ತೆರೆದು, ಮೆಣಸಿನಕಾಯಿ ಕಚ್ಚಿ, ಈ ಸಲ ಉಗಿಯದೆ ನುಂಗಿದಳು.

ಈ ಜಾತಿಯ ಜನ ತಾವು ತಪ್ಪಿದ್ದು ತಿಳಿದ ದಿನ, ದಾರಿ ತಪ್ಪಿದ ಮಗು ಮನೆ ಸೇರಿತೆಂಬಂತೆ ಸಂಭ್ರಮಿಸುತ್ತಾರೆ. ಅವರ ಪರವಾಗಿ ಜಗಳಕ್ಕೆ ನಿಂತ ನನ್ನಂಥ ಮುಂಗೋಪಿಗಳು ಮಾತ್ರ, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ, ಖಾಲಿ ಡಬ್ಬಿ ಹಿಡಿದು ಮನೆಗೆ ಬರಬೇಕಾಗುತ್ತದೆ.